ಮನೆಯಂಗಳದ ಕೃಷಿ: ವರ್ಷ ದಾಟದ ಬೀಜ

ನಮ್ಮ ಮನೆಗಳ ಅಡಿಗೆಯಲ್ಲಿ ಈರುಳ್ಳಿಗಿರುವ ಸ್ಥಾನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬುತ್ತಿಯ ರೊಟ್ಟಿಯೊಡನೆ ಒಂದು ಉಳ್ಳಾಗಡ್ಡಿ, ಒಂದಿಷ್ಟು ಖಾರ ಇದ್ದರೆ ಹೊಲದಲ್ಲಿ ದುಡಿಯುವವನ ಮಧ್ಯಾಹ್ನದ ಊಟ ಸಾಗಿಹೋಗುತ್ತದೆ. ಚಿತ್ರದುರ್ಗ, ಗದಗ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರೈತರಿಗೆ ಇದು ಮುಖ್ಯವಾದ ಬೆಳೆ. ತಮಿಳುನಾಡಿನವರಂತೂ ದೊಡ್ಡ ಈರುಳ್ಳಿಯನ್ನು ಇಂದಿಗೂ ‘ಬಳ್ಳಾರಿ ವೆಂಗಾಯ’ವೆಂದೇ ಕರೆಯುತ್ತಾರೆ. 2019ರ ಕೊನೆಯ ತಿಂಗಳುಗಳಲ್ಲಿ ಕಿಲೋ ಈರುಳ್ಳಿಯ ಬೆಲೆ ನೂರು ರೂಪಾಯಿಗಳನ್ನು ದಾಟಿದಾಗ ಅದರ ಬಿಸಿ ತಟ್ಟದ ಮನೆಯಿರಲಿಲ್ಲ.

ಇಷ್ಟಿದ್ದರೂ ಹಿತ್ತಲಿನಲ್ಲಿ ಬೆಂಡೆ, ಹೀರೆ, ಅವರೆಗಳನ್ನು ಬೆಳೆಯುವ ಗೃಹಸ್ಥರು ಈರುಳ್ಳಿಯನ್ನು ಬೀಜದಿಂದ ಬೆಳೆಯುವುದು ವಿರಳ. ಬೆಳೆಯಹೊರಟವರಲ್ಲಿಯೂ ಅನೇಕರು ಮೊದಲ ಹೆಜ್ಜೆಯಲ್ಲಿಯೇ ನಿರಾಶರಾಗುತ್ತಾರೆ. ಬಿತ್ತಿದ ಬೀಜ ಮೊಳೆಯುವುದಿಲ್ಲ. ಮಣ್ಣು ಸರಿಯಿಲ್ಲವೆಂದೋ, ತಮ್ಮ ಕೈಗುಣ ಚೆನ್ನಾಗಿಲ್ಲವೆಂದೋ ಭಾವಿಸಿ ಪ್ರಯತ್ನವನ್ನೇ ಬಿಟ್ಟುಬಿಡುತ್ತಾರೆ. ಬಹುಮಟ್ಟಿಗೆ ಅಲ್ಲಿರುವ ಕೊರತೆ ಮಣ್ಣಿನದೂ ಅಲ್ಲ, ಕೈಯದೂ ಅಲ್ಲ, ಬೀಜದ ವಯಸ್ಸಿನದು.

ಪ್ರತಿಯೊಂದು ಬೀಜಕ್ಕೂ ತನ್ನದೇ ಆದ ಆಯುಷ್ಯವುಂಟು. ಸೋರೆ, ಕುಂಬಳ, ಸೌತೆಗಳ ಬೀಜವನ್ನು ಒಣಗಿಸಿ ಜೋಪಾನವಾಗಿಟ್ಟರೆ ಕೆಲವು ವರ್ಷಗಳ ನಂತರವೂ ಅದು ಮೊಳೆಯುತ್ತದೆ. ಈರುಳ್ಳಿಯ ಬೀಜ ಹಾಗಲ್ಲ. ನಮ್ಮ ಸೆಕೆಯಲ್ಲಿ, ಮಳೆಗಾಲದ ತೇವದ ಗಾಳಿಯಲ್ಲಿ ಅದರ ಜೀವಶಕ್ತಿ ಒಂದು ವರ್ಷದೊಳಗೆ ಕುಂದುತ್ತದೆ. ಎರಡನೆಯ ವರ್ಷ ಮೊಳೆಯುವವು ಕೆಲವು. ಮೂರನೆಯ ವರ್ಷಕ್ಕೆ ಅದನ್ನು ನೆಚ್ಚುವಂತಿಲ್ಲ. ಗಡ್ಡೆ ಕಟ್ಟದೆ ಬಿಳಿಯ ದಪ್ಪ ದಂಟನ್ನು ಕೊಡುವ ‘ಲೀಕ್’ ಎಂಬ ತರಕಾರಿಯು ಇದೇ ಕುಲದ್ದು. ಅದರ ಬೀಜದ ಸ್ವಭಾವವೂ ಇದೇ. ನೋಡಲು ಮಾತ್ರ ಹಳೆಯ ಬೀಜವೂ ಹೊಸ ಬೀಜವೂ ಒಂದೇ ಬಗೆಯ ಕಪ್ಪು ಬಣ್ಣದವು. ಆದುದರಿಂದ ಕಣ್ಣನ್ನು ನಂಬದೆ ಪರೀಕ್ಷೆಯನ್ನು ನಂಬಬೇಕು.

ಪರೀಕ್ಷೆ ಬಹು ಸುಲಭವಾದುದು. ನೂರು ಬೀಜಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಹರಡಿ, ಸುರುಳಿ ಸುತ್ತಿ ನೆರಳಿನಲ್ಲಿಡಬೇಕು. ಬಟ್ಟೆ ಒಣಗದಂತೆ ನೋಡಿಕೊಳ್ಳಬೇಕು. ಹನ್ನೆರಡು ದಿನಗಳಾದ ಮೇಲೆ ಮೊಳೆತವುಗಳನ್ನು ಎಣಿಸಬೇಕು. ಪ್ರಮಾಣಿತ ಬೀಜದಲ್ಲಿ ನೂರಕ್ಕೆ ಕನಿಷ್ಠ 70 ಮೊಳೆಯಬೇಕೆಂಬುದು ನಮ್ಮ ದೇಶದ ನಿಯಮ. ಐವತ್ತು ಮೊಳೆತರೆ ಬೀಜವನ್ನು ಹೆಚ್ಚು ಹಾಕಿ ಬಿತ್ತಬಹುದು. ಇಪ್ಪತ್ತಕ್ಕಿಳಿದರೆ ಅದಕ್ಕಾಗಿ ಮಡಿ ಸಿದ್ಧಗೊಳಿಸುವ ಶ್ರಮವೇ ವ್ಯರ್ಥ. ಅಂಗಡಿಯಲ್ಲಿ ಕೊಳ್ಳುವವರು ಪೊಟ್ಟಣದ ಮೇಲಿನ ಪರೀಕ್ಷೆಯ ದಿನಾಂಕವನ್ನು ಓದಿಯೇ ಹಣ ಕೊಡತಕ್ಕದ್ದು.

ತಳಿಯ ಆಯ್ಕೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಈರುಳ್ಳಿಯು ಗಡ್ಡೆ ಕಟ್ಟುವುದು ಹಗಲಿನ ಉದ್ದವನ್ನು ಅನುಸರಿಸಿ. ಯುರೋಪಿನ ಉತ್ತರ ಭಾಗದ ತಳಿಗಳು ದಿನಕ್ಕೆ 14 ಗಂಟೆಗೂ ಮಿಕ್ಕಿದ ಬೆಳಕನ್ನು ಬಯಸುತ್ತವೆ. ನಮ್ಮ ನಾಡಿನಲ್ಲಿ ಅತ್ಯಂತ ದೀರ್ಘವಾದ ಹಗಲೂ ಸುಮಾರು 13 ಗಂಟೆ ಮಾತ್ರ. ಹೀಗಾಗಿ ಹೊರದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ಕಳುಹಿಸಿದ ಚಿತ್ರದ ಪೊಟ್ಟಣದ ಬೀಜ ಇಲ್ಲಿ ಸೊಪ್ಪನ್ನು ಕೊಟ್ಟೀತೇ ಹೊರತು ಗಡ್ಡೆಯನ್ನು ಕೊಡಲಾರದು. ಬಳ್ಳಾರಿ ಕೆಂಪು, ತೆಲಗಿ ಕೆಂಪು ಮೊದಲಾದ ನಮ್ಮ ತಳಿಗಳು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಕಲ್ಯಾಣ್, ಅರ್ಕಾ ನಿಕೇತನ್ ತಳಿಗಳು ನಮ್ಮ ಹಗಲಿಗೆ ಹೊಂದಿಕೊಂಡವು. ಮುಂದೆ ಮನೆಯಲ್ಲಿಯೇ ಬೀಜ ಮಾಡಿಕೊಳ್ಳುವ ಇಚ್ಛೆಯಿದ್ದವರು ಹೈಬ್ರಿಡ್ ಬೀಜವನ್ನು ಕೊಳ್ಳಬಾರದು. ಅದರ ಸಂತತಿ ತಾಯಿಯಂತೆ ಬರುವುದಿಲ್ಲ.

ಹಿತ್ತಲಿನ ಬೆಳೆಗೆ ಮಹಾನವಮಿಯ ಆಸುಪಾಸಿನ ಬಿತ್ತನೆ ಪ್ರಶಸ್ತವಾದುದು. ಮಳೆ ತಗ್ಗಿರುತ್ತದೆ, ಬೇಸಿಗೆಯ ಮುನ್ನ ಬರುವ ಗಡ್ಡೆ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಮೂರು ಅಡಿ ಉದ್ದ, ಮೂರು ಅಡಿ ಅಗಲ, ಅರ್ಧ ಅಡಿ ಎತ್ತರದ ಒಂದು ಸಸಿಮಡಿ ಸಾಕು. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಜರಡಿ ಹಿಡಿದು ಮಣ್ಣಿನೊಡನೆ ಬೆರೆಸಬೇಕು. ಎರಡೆರಡು ಅಂಗುಲಕ್ಕೆ ಗೆರೆ ಎಳೆದು, ಅರ್ಧ ಅಂಗುಲಕ್ಕಿಂತ ಆಳವಾಗದಂತೆ 5 ಗ್ರಾಂ ಬೀಜವನ್ನು ತೆಳುವಾಗಿ ಬಿತ್ತಿ, ಪುಡಿಗೊಬ್ಬರ ಮುಚ್ಚಿ, ಮೇಲೆ ಹುಲ್ಲು ಹೊದಿಸಬೇಕು. ನೀರನ್ನು ಜಾರಿಯಿಂದ ಹದವಾಗಿ ಚಿಮುಕಿಸಬೇಕು. ವಾರ ಹತ್ತು ದಿನಗಳಲ್ಲಿ ಮೊಳಕೆಗಳು ಬಾಗಿದ ದಾರದ ಕೊಂಡಿಗಳಂತೆ ಮೇಲೇಳುತ್ತವೆ. ಆಗ ಹುಲ್ಲನ್ನು ತೆಗೆಯಬೇಕು. ಸಸಿ ಒತ್ತಾದರೂ ನೀರು ಹೆಚ್ಚಾದರೂ ಬುಡ ಕೊಳೆತು ಸಾಲುಸಾಲೇ ಮಲಗಿಬಿಡುತ್ತವೆ.

ಆರೇಳು ವಾರಗಳಲ್ಲಿ ಸಸಿ ಪೆನ್ಸಿಲಿಗಿಂತ ಸ್ವಲ್ಪ ತೆಳುವಾಗಿ ಬೆಳೆದಿರುತ್ತದೆ. ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಸಸಿಯಿಂದ ಸಸಿಗೆ 10 ಸೆಂಟಿಮೀಟರ್ ಅಂತರವಿಟ್ಟು, ಬೇರು ಮಾತ್ರ ಮುಚ್ಚುವಂತೆ ನೆಡಬೇಕು. ಆಳಕ್ಕೆ ಹೂತರೆ ಗಡ್ಡೆ ದುಂಡಗಾಗುವುದಿಲ್ಲ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗದಲ್ಲಿ ಸುಮಾರು 600 ಸಸಿ ಹಿಡಿಯುತ್ತವೆ. ಗಡ್ಡೆಯೊಂದು 50 ಗ್ರಾಂ ತೂಗಿದರೂ 30 ಕಿಲೋ. ಅರ್ಧ ಹಾಳಾದರೂ 15 ಕಿಲೋ ಉಳಿಯಿತು. ಇದರ ಬೇರು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ನೀರು ಸ್ವಲ್ಪ ಸ್ವಲ್ಪವಾಗಿ, ಆದರೆ ತಪ್ಪದೆ ದೊರೆಯಬೇಕು. ಕಳೆಯನ್ನು ಕೈಯಿಂದಲೇ ಕೀಳಬೇಕು. ನೆಟ್ಟ ಮೂರೂವರೆ ನಾಲ್ಕು ತಿಂಗಳಿಗೆ, ಯುಗಾದಿ ಸಮೀಪಿಸುವ ಹೊತ್ತಿಗೆ, ಎಲೆಗಳು ಕುತ್ತಿಗೆಯ ಬಳಿ ಬಾಗಿ ನೆಲಕ್ಕೊರಗುತ್ತವೆ. ಅರ್ಧದಷ್ಟು ಗಿಡಗಳು ಹೀಗೆ ಒರಗುವ ಮೊದಲೇ ನೀರು ನಿಲ್ಲಿಸಿ, ಕಿತ್ತ ಗಡ್ಡೆಗಳನ್ನು ಎಲೆಸಹಿತ ನೆರಳಿನಲ್ಲಿ ಒಣಗಿಸಬೇಕು. ಕುಮಟೆಯ ಕಡೆ ಹೆದ್ದಾರಿಯ ಬದಿಯಲ್ಲಿ ಸಿಹಿ ಈರುಳ್ಳಿಯನ್ನು ಜಡೆಯಂತೆ ಹೆಣೆದು ತೂಗುಹಾಕಿರುವುದನ್ನು ಪ್ರಯಾಣಿಕರು ನೋಡಿರಬಹುದು. ಗಾಳಿಯಾಡುವಂತೆ ತೂಗುಹಾಕುವ ಆ ಪದ್ಧತಿ ಮನೆಗೂ ಯೋಗ್ಯವಾದುದೇ.

ಇಲ್ಲಿಗೆ ಅಡಿಗೆಮನೆಯ ಕೆಲಸ ಮುಗಿಯಿತು. ಬೀಜದ ಕೆಲಸ ಇನ್ನು ಆರಂಭ. ಈರುಳ್ಳಿಯು ಮೊದಲ ಹಂಗಾಮಿನಲ್ಲಿ ಗಡ್ಡೆ ಕಟ್ಟಿ, ಎರಡನೆಯ ಹಂಗಾಮಿನ ಚಳಿಯಲ್ಲಿ ಹೂವಾಗುವ ಸಸ್ಯ. ಮೊದಲ ಹಂಗಾಮಿನಲ್ಲಿಯೇ ಅವಸರಪಟ್ಟು ಹೂದಂಟು ಬಿಟ್ಟ ಗಿಡದ ಬೀಜವನ್ನು ಇಡಬಾರದು. ಅದರ ಮಕ್ಕಳೂ ಅದೇ ಅವಸರವನ್ನು ಕಲಿತು ಬಂದಿರುತ್ತವೆ. ಗಟ್ಟಿಯಾದ, ತೆಳುಕುತ್ತಿಗೆಯ, ಒಂದೇ ಬಣ್ಣದ ನಲವತ್ತು ಗಡ್ಡೆಗಳನ್ನು ಆರಿಸಿ ಮಳೆಗಾಲ ಕಳೆಯುವವರೆಗೆ ಗಾಳಿಯಲ್ಲಿಡಬೇಕು. ಕೆಲವು ಕೊಳೆಯುತ್ತವೆ, ಕೆಲವು ಚಿಗುರುತ್ತವೆ. ಉಳಿದ ಇಪ್ಪತ್ತನ್ನು ದೀಪಾವಳಿಯ ಹೊತ್ತಿಗೆ ನೆಟ್ಟರೆ ಸಂಕ್ರಾಂತಿಯ ನಂತರ ಚೆಂಡಿನಾಕಾರದ ಬಿಳಿಯ ಹೂಗೊಂಚಲುಗಳು ಕಾಣಿಸಿಕೊಳ್ಳುತ್ತವೆ. ಗೊಂಚಲಿನಲ್ಲಿ ಅಲ್ಲಲ್ಲಿ ಕಪ್ಪು ಬೀಜ ಇಣುಕಿದೊಡನೆ ಕೊಯ್ದು, ನೆರಳಿನಲ್ಲಿ ಒಣಗಿಸಿ, ಉಜ್ಜಿ ತೂರಿ, ಗಾಳಿಯಾಡದ ಗಾಜಿನ ಸೀಸೆಯಲ್ಲಿ ತುಂಬಿಡಬೇಕು.

ಒಂದು ಮನೆಯ ಬಿತ್ತನೆಗೆ 5 ಗ್ರಾಂ ಸಾಕಾಗಿರುವಾಗ ಇಪ್ಪತ್ತು ಗಡ್ಡೆಗಳೇಕೆಂದು ಕೆಲವರು ಕೇಳಬಹುದು. ನಿಜ, ಚೆನ್ನಾಗಿ ಹೂಬಿಟ್ಟ ಎರಡು ಗಡ್ಡೆಗಳು ಅಷ್ಟನ್ನು ಕೊಟ್ಟಾವು. ಆದರೆ ಈರುಳ್ಳಿಯ ಹೂವಿನಲ್ಲಿ ಪರಾಗ ಉದುರುವುದು ಮೊದಲು, ಅದನ್ನು ಸ್ವೀಕರಿಸುವ ಶಲಾಕೆ ಪಕ್ವವಾಗುವುದು ಆಮೇಲೆ. ಒಂದು ಹೂವು ತನ್ನಷ್ಟಕ್ಕೆ ತಾನೇ ಫಲಿಸಲಾರದು. ಜೇನುನೊಣ ನೆರೆಯ ಹೂವಿನ ಪರಾಗವನ್ನು ತರಲೇಬೇಕು. ಒಂದೆರಡೇ ಗಿಡಗಳ ನಡುವೆ ಈ ಕೊಡುಕೊಳ್ಳುವಿಕೆ ನಡೆದರೆ ಕೆಲವೇ ತಲೆಮಾರುಗಳಲ್ಲಿ ತಳಿ ಸೊರಗುತ್ತದೆ. ಗಿಡಗಳು ಹಲವಿದ್ದಷ್ಟೂ ತಳಿ ಬಲವಾಗಿ ಉಳಿಯುತ್ತದೆ. ಬೇರೆ ತಳಿಯ ಈರುಳ್ಳಿ ಸಮೀಪದಲ್ಲಿ ಹೂಬಿಟ್ಟಿದ್ದರೆ ಬೀಜ ಬೆರಕೆಯಾಗುವುದೆಂಬುದನ್ನೂ ನೆನಪಿನಲ್ಲಿಡಬೇಕು.

ಹೀಗಾಗಿ ಬೀಜ ಮಾಡುವ ಮನೆಗೆ ಬೇಕಾದುದಕ್ಕಿಂತ ಹತ್ತು ಪಟ್ಟು ಬೀಜ ಬರುತ್ತದೆ. ಆ ಹೆಚ್ಚಿನದನ್ನು ಮುಂದಿನ ವರ್ಷಕ್ಕೆಂದು ಕೂಡಿಡುವಂತಿಲ್ಲ, ಏಕೆಂದರೆ ಅದು ವರ್ಷ ದಾಟಿ ಬದುಕದು. ಇರುವುದು ಒಂದೇ ದಾರಿ: ಅದೇ ವರ್ಷ, ಮಹಾನವಮಿಯೊಳಗೆ, ಹತ್ತು ಮನೆಗಳಿಗೆ ಹಂಚಿಬಿಡುವುದು. ಇದರಲ್ಲಿ ಕೊಡುವವನ ಹಿತವೂ ಅಡಗಿದೆ. ಒಂದೇ ಮನೆಯಲ್ಲಿ ಉಳಿದ ತಳಿ, ಆ ಮನೆಯಲ್ಲಿ ಕಾಯಿಲೆಯೋ ಬರವೋ ಬಂದು ಒಂದು ವರ್ಷ ಬಿತ್ತನೆ ತಪ್ಪಿದರೆ, ಅಲ್ಲಿಗೆ ನಿಂತುಹೋಗುತ್ತದೆ. ಹತ್ತು ಮನೆಗಳಲ್ಲಿ ಹರಡಿದ ತಳಿ ಎಲ್ಲಿಯಾದರೂ ಉಳಿದು, ಕೊಟ್ಟವನ ಅಂಗಳಕ್ಕೆ ಮರಳಿ ಬರುತ್ತದೆ. ಹಳ್ಳಿಗಳಲ್ಲಿ ಒಕ್ಕಲುತನದ ಹೆಣ್ಣುಮಕ್ಕಳು ಬೀಜವನ್ನು ಕಡವಾಗಿ ತಂದು ಸುಗ್ಗಿಯಲ್ಲಿ ಹಿಂದಿರುಗಿಸುತ್ತಿದ್ದ ರೂಢಿಯ ಹಿಂದೆ ಇದೇ ವಿವೇಕವಿತ್ತು.

ಓದುಗರು ಈ ವರ್ಷ ಒಂದು ಸಣ್ಣ ಸಸಿಮಡಿಯಿಂದ ಆರಂಭಿಸಲಿ. ಮೊದಲು ನೂರು ಬೀಜ ಎಣಿಸಿ ಪರೀಕ್ಷಿಸಲಿ. ಬೆಳೆದ ಗಡ್ಡೆಗಳಲ್ಲಿ ಅತ್ಯುತ್ತಮವಾದವು ಸಾರಿಗೆ ಬೀಳದಂತೆ ಗೃಹಿಣಿಯರು ಕಾಯ್ದುಕೊಳ್ಳಲಿ. ಬೀಜ ಕೈಗೆ ಬರಲು ಬಿತ್ತಿದ ದಿನದಿಂದ ಸುಮಾರು ಒಂದೂವರೆ ವರ್ಷ ಬೇಕು, ಅಷ್ಟು ತಾಳ್ಮೆಯಿರಲಿ. ಬೀಜ ಬಂದ ಮೇಲೆ ಮಾತ್ರ ತಾಳ್ಮೆ ಬೇಡ. ಸೀಸೆಯ ಮೇಲೆ ವರ್ಷವನ್ನು ಬರೆದು, ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು, ಉಳಿದುದನ್ನು ನೆರೆಮನೆಗೆ, ಮಗಳ ಮನೆಗೆ, ಬೀಗರ ಮನೆಗೆ ಬಿತ್ತನೆಯ ಕಾಲ ಮೀರುವ ಮೊದಲೇ ತಲುಪಿಸಲಿ.