ಕರಡಿಯ ನಿಜವಾದ ಬಣ್ಣ ಯಾವುದು?

ಬೋಧನಾಭ್ಯಾಸದ ದಾಖಲೆ ಪುಸ್ತಕಕ್ಕೆ ಕಲಿಕೋಪಕರಣಗಳ ಫೋಟೋ ಅಂಟಿಸುವುದು ನಮಗೆಲ್ಲ ರೂಢಿಯಾಗಿರುವ ಕೆಲಸ. ಕೈಯಲ್ಲಿ ಹೊಲಿದ ಬಟ್ಟೆಯ ಕರಡಿಯೋ ಚನ್ನಪಟ್ಟಣದ ಗೊಂಬೆಯೋ, ಯಾವುದಾದರೂ ಸರಿ, ಸಂಜೆ ಟ್ಯೂಬ್‌ಲೈಟ್ ಕೆಳಗಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇವೆ. ಮಂಕಾಗಿ ಕಂಡರೆ ಫಿಲ್ಟರ್ ಹಾಕುತ್ತೇವೆ. ಪ್ರಿಂಟ್ ತೆಗೆಸಿ ಅಂಟಿಸಿದರೆ ಪುಟ ತುಂಬಿತು. ವಿಜ್ಞಾನ ಕಲಿಸಲು ಹೊರಟವರು ಇಷ್ಟಕ್ಕೇ ತೃಪ್ತಿಪಡಬಾರದು ಎಂಬುದು ನನ್ನ ಅಭಿಪ್ರಾಯ. ಉದ್ದ ಬರೆದು ಏಕಮಾನ ಬರೆಯದ ವಿದ್ಯಾರ್ಥಿಗೆ ಅರ್ಧ ಅಂಕ ಕಳೆಯುವ ನಾವು, ಬಣ್ಣ ತೋರಿಸುವಾಗ ಅದು ಯಾವ ಬೆಳಕಿನಲ್ಲಿ ಕಂಡ ಬಣ್ಣ ಎಂದು ಎಲ್ಲಿಯೂ ಬರೆಯುವುದಿಲ್ಲ.

ಇದು ಗೊತ್ತಿಲ್ಲದ ಸಂಗತಿಯೇನಲ್ಲ. ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಸೀರೆ ಆರಿಸುವ ಅಮ್ಮಂದಿರು ಅದನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡಿಯೇ ಬಿಲ್ ಹಾಕಿಸುತ್ತಾರೆ. ನವರಾತ್ರಿಯಲ್ಲಿ ಬರುವ ಫೋಟೋಗಳಲ್ಲಿ ಪಟ್ಟದ ಗೊಂಬೆಗಳ ಮುಖ ಒಂದು ಮನೆಯಲ್ಲಿ ಕಿತ್ತಳೆ, ಇನ್ನೊಂದು ಮನೆಯಲ್ಲಿ ನೀಲಿ. ಗೊಂಬೆ ಅದೇ, ಬಲ್ಬು ಬೇರೆ.

ಹಳೆಯ ತಂತಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಅಂದರೆ ಹಳದಿ. ನಮ್ಮ ತರಗತಿಗಳ ಬಿಳಿ ಟ್ಯೂಬ್ ಸಾಮಾನ್ಯವಾಗಿ 6500 ಕೆಲ್ವಿನ್, ನೀಲಿಯ ಕಡೆಗೆ. ನಮ್ಮ ಕಣ್ಣು ಮಿದುಳು ಸೇರಿ ಇದನ್ನು ತಾವಾಗಿಯೇ ಸರಿದೂಗಿಸಿಕೊಳ್ಳುತ್ತವೆ. ಮೊಬೈಲ್ ಊಹೆ ಮಾಡುತ್ತದೆ. ಚೌಕಟ್ಟಿನ ತುಂಬ ಕಂದು ಕರಡಿಯೇ ಇದ್ದರೆ ಆ ಕಂದನ್ನು ಬೆಳಕಿನ ದೋಷವೆಂದು ತಿಳಿದು ತಣ್ಣಗಾಗಿಸಿಬಿಡಬಹುದು. ಕಪ್ಪು ಕರಡಿಯಾದರೆ ಇನ್ನೊಂದು ತೊಂದರೆ. ಎಲ್ಲವೂ ಮಧ್ಯಮ ಬೂದು ಎಂಬ ಲೆಕ್ಕದಲ್ಲಿ ಕ್ಯಾಮೆರಾ ಬೆಳಕನ್ನು ಹೆಚ್ಚಿಸುತ್ತದೆ, ದರೋಜಿಯ ಕರಡಿ ಬೂದಿ ಬಳಿದುಕೊಂಡಂತೆ ಬರುತ್ತದೆ. ಕಿಟಕಿಯ ಬೆಳಕು ಒಂದು ಪಕ್ಕದಿಂದ, ಟ್ಯೂಬಿನದು ಇನ್ನೊಂದು ಪಕ್ಕದಿಂದ ಬಿದ್ದರೆ ಯಾವ ತಿದ್ದುಪಡಿಯೂ ಎರಡಕ್ಕೂ ಹೊಂದುವುದಿಲ್ಲ. ಒಂದನ್ನು ಆರಿಸಬೇಕು, ಇಲ್ಲವೇ ಪರದೆ ಎಳೆಯಬೇಕು.

ಹೆಚ್ಚು ಜನ ಗಮನಿಸದ್ದು ಕೆಂಪಿನ ವಿಷಯ. ಬೆಳಕು ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆಯಿದೆ. ತಂತಿ ಬಲ್ಬಿಗೆ ಅದು 100ರ ಹತ್ತಿರ, ಸಾಮಾನ್ಯ ಎಲ್‌ಇಡಿಗೆ 80ರ ಆಸುಪಾಸು. ಆದರೆ ಆ ಅಂಕಿ ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಹಾಗಾಗಿ ಕರಡಿಯ ಕೊರಳಿನ ಕೆಂಪು ರಿಬ್ಬನ್ ಅಗ್ಗದ ಎಲ್‌ಇಡಿಯಲ್ಲಿ ಇಟ್ಟಿಗೆಯ ಬಣ್ಣಕ್ಕಿಳಿಯುತ್ತದೆ. ಬೆಳಕಿನಲ್ಲೇ ಇಲ್ಲದ ತರಂಗಾಂತರವನ್ನು ಫಿಲ್ಟರ್ ಎಲ್ಲಿಂದ ತರುತ್ತದೆ?

ಹತ್ತನೇ ತರಗತಿಗೆ ‘ಮಾನವನ ಕಣ್ಣು ಮತ್ತು ವರ್ಣಮಯ ಜಗತ್ತು’ ಪಾಠ ಮಾಡುವಾಗ ಒಂದೇ ಕರಡಿಯ ಮೂರು ಫೋಟೋ ತೋರಿಸಿದೆ: ಹಳದಿ ಬಲ್ಬಿನಲ್ಲಿ, ಟ್ಯೂಬಿನಲ್ಲಿ, ಕಿಟಕಿಯ ಪಕ್ಕದ ನೆರಳಿನಲ್ಲಿ ತೆಗೆದವು. ಮೂರನ್ನೂ ಮೊಬೈಲಿನ ಪ್ರೊ ಮೋಡಿನಲ್ಲಿ ವೈಟ್ ಬ್ಯಾಲೆನ್ಸ್ ಬದಲಿಸದೆ ತೆಗೆದಿದ್ದೆ. ಕರಡಿಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದೆ. ಯಾವುದು ನಿಜವಾದ ಬಣ್ಣ ಎಂದಾಗ ತರಗತಿ ಮೂರು ಪಕ್ಷವಾಯಿತು. ಕರಡಿ ಹೊರಗೆ ಬಂದ ಮೇಲೆ ಹೆಚ್ಚಿನವರು ಕಿಟಕಿಯ ಫೋಟೋಗೆ ಕೈ ಎತ್ತಿದರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ, “ಮಿಸ್, ರಾತ್ರಿ ನಮ್ಮನೇಲಿದ್ರೆ ಇದರ ಬಣ್ಣ ಬೇರೇನೇ ಅಲ್ವಾ? ಆಗ ಅದು ಸುಳ್ಳಾ?” ಎಂದಳು. ಉಳಿದ ಹದಿನೈದು ನಿಮಿಷ ಆ ಪ್ರಶ್ನೆಗೇ ಹೋಯಿತು. ಪಾಠಯೋಜನೆಯಲ್ಲಿ ಅಷ್ಟು ಒಳ್ಳೆಯ ಪ್ರಶ್ನೆ ಇರಲಿಲ್ಲ.

ಫೋಟೋ ಬರೀ ಸಾಕ್ಷಿ ತಾನೇ, ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಸಹಪಾಠಿಗಳು ಕೇಳಿದ್ದಾರೆ. ಆದರೆ ಎಷ್ಟೋ ಸಲ ಉಪಕರಣವನ್ನು ಕಾಣದೆ ಫೋಟೋ ನೋಡಿಯೇ ಅಂಕ ಬೀಳುತ್ತದೆ. ಮುಂದಿನ ವರ್ಷದ ಪ್ರಶಿಕ್ಷಣಾರ್ಥಿಗಳು ಆ ಫೋಟೋ ನೋಡಿಯೇ ಬಟ್ಟೆ ಕೊಳ್ಳುತ್ತಾರೆ. ಲಿಟ್ಮಸ್ ಕಾಗದದ ಫೋಟೋವನ್ನೂ ಹೀಗೇ ತೆಗೆಯುತ್ತೇವೆ ಎಂಬುದು ನನಗೆ ಹೆಚ್ಚಿನ ಚಿಂತೆ. ನೇರಳೆಯೋ ನೀಲಿಯೋ ಎಂಬುದರ ಮೇಲೆಯೇ ಅಲ್ಲಿ ಉತ್ತರ ನಿಂತಿದೆ.

ಖರ್ಚಿನ ಮಾತೂ ಇಲ್ಲಿಲ್ಲ. ಕರಡಿಯ ಪಕ್ಕದಲ್ಲಿ ಬಿಳಿ ಕಾಗದದ ಒಂದು ತುಂಡು ಫೋಟೋದಲ್ಲೇ ಇರಲಿ. ಅದು ಬಿಳಿಯಾಗಿ ಕಾಣುವವರೆಗೆ ವೈಟ್ ಬ್ಯಾಲೆನ್ಸ್ ಸರಿಪಡಿಸಬಹುದು. (ಹೊಳಪಿಗೆಂದು ನೀಲಿ ಸೇರಿಸಿದ ಕಾಗದಗಳೂ ಇವೆ, ಬೂದು ಕಾರ್ಡು ಸಿಕ್ಕರೆ ಇನ್ನೂ ಒಳ್ಳೆಯದು.) ಹಸಿರು ಬಳಿದ ಗೋಡೆಯಿಂದ ದೂರ ಇಡಬೇಕು, ಗೋಡೆಯ ಹಸಿರು ಕರಡಿಯ ಹೊಟ್ಟೆಗೆ ಬಡಿಯುತ್ತದೆ. ಚನ್ನಪಟ್ಟಣದ ಗೊಂಬೆಗೆ ಅರಗಿನ ಹೊಳಪಿರುವುದರಿಂದ ಟ್ಯೂಬು ಅದರ ಮೈಮೇಲೆ ಬಿಳಿ ಗೆರೆಯಾಗಿ ಮೂಡಿ ಬಣ್ಣವನ್ನೇ ಮುಚ್ಚುತ್ತದೆ. ಕಿಟಕಿಗೆ ಬಟರ್ ಪೇಪರ್ ಅಂಟಿಸಿ ಪಕ್ಕದ ಬೆಳಕಿನಲ್ಲಿ ತೆಗೆಯುವುದು ಲೇಸು.

ದಾಖಲೆ ಪುಸ್ತಕದಲ್ಲಿ ಫೋಟೋದ ಕೆಳಗೆ ‘ಬೆಳಕು’ ಎಂಬ ಒಂದು ಸಾಲು ಅಚ್ಚು ಹಾಕಿಸಿದರೆ ಸಾಕು. ಕರಡಿ ಹೊಲಿದ ಬಟ್ಟೆಯ ಬೆರಳಗಲದ ಚೂರನ್ನೂ ಅಲ್ಲೇ ಅಂಟಿಸಿದರೆ, ಮೌಲ್ಯಮಾಪಕರು ಅದನ್ನು ಕಿಟಕಿಗೆ ಹಿಡಿದು ಫೋಟೋದೊಡನೆ ಹೋಲಿಸಿ ನೋಡಬಹುದು.