ಗಿಡ ಒಳಗೆ ಬರಲಿ, ಹುಳು ಹೊರಗಿರಲಿ

ಸೆಪ್ಟೆಂಬರ್ ಬಂತೆಂದರೆ ಮಿಷಿಗನ್ನಿನ ನಮ್ಮ ಕನ್ನಡಿಗರ ಮನೆಗಳಲ್ಲಿ ಒಂದು ಮೆರವಣಿಗೆ ನಡೆಯುತ್ತದೆ. ಬೇಸಿಗೆಯೆಲ್ಲ ಹಿತ್ತಲಲ್ಲಿದ್ದ ನಿಂಬೆ, ಕರಿಬೇವಿನ ಕುಂಡಗಳು ಒಳಗೆ ದಯಮಾಡಿಸುತ್ತವೆ. ಜೊತೆಗೆ ಕರೆಯದ ನೆಂಟರೂ ಬರುತ್ತಾರೆ.

ಕಳೆದ ವರ್ಷ, ರಾತ್ರಿ ಫ್ರಾಸ್ಟ್ ಬೀಳುವುದೆಂಬ ಸುದ್ದಿ ಕೇಳಿ ಅವಸರದಲ್ಲಿ ಕುಂಡಗಳನ್ನು ಒಳಗಿಟ್ಟೆ. ಎಲೆ ಮಗುಚಿ ನೋಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ನಿಂಬೆಯ ಕೊಂಬೆಗಳ ತುಂಬ ಕಂದು ಹುರುಪೆಯಂಥ ಶಲ್ಕ ಕೀಟ, ನೆಲವೆಲ್ಲ ಅಂಟು. ಪಕ್ಕದ ಕರಿಬೇವಿಗೂ ಹತ್ತಿತು. ಒಂಬತ್ತು ವರ್ಷ ಸಾಕಿದ ನಿಂಬೆ ಉಳಿಯಲಿಲ್ಲ.

ಜನವರಿಯಲ್ಲಿ ಔಷಧಿಗೆ ಓಡುವುದಕ್ಕಿಂತ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಕೊಡುವುದೇ ಜಾಣತನವೆಂದು ನನ್ನ ಅಭಿಪ್ರಾಯ. ಹೊರಗೆ ಮಳೆ ಎಲೆ ತೊಳೆಯುತ್ತದೆ, ಗುಲಗಂಜಿ ಹುಳು ಕೀಟಗಳನ್ನು ತಿನ್ನುತ್ತದೆ. ಮನೆಯೊಳಗೆ ಇವೆರಡೂ ಇಲ್ಲ. ಹೀಟರಿನ ಒಣ ಗಾಳಿಯಂತೂ ನುಸಿಗೆ ಹಬ್ಬ.

ರಾತ್ರಿಯ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಯುವ ಎರಡು ಮೂರು ವಾರ ಮೊದಲೇ ಕೆಲಸ ಆರಂಭಿಸಿ. ಎಲೆಯ ಅಡಿ, ಕವಲು, ಕುಂಡದ ತಳದ ತೂತು ಎಲ್ಲವನ್ನೂ ನೋಡಿ. ಪೈಪಿನ ನೀರಿನಿಂದ ಚೆನ್ನಾಗಿ ತೊಳೆಯಿರಿ. ಬಿಳಿ ಹಿಟ್ಟುತಿಗಣೆ ಕಂಡರೆ ಹತ್ತಿಯನ್ನು ರಬ್ಬಿಂಗ್ ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿ. ಗಿಡಕ್ಕೆಂದೇ ಮಾರುವ ಕೀಟನಾಶಕ ಸಾಬೂನನ್ನು ವಾರಕ್ಕೊಮ್ಮೆಯಂತೆ ಮೂರು ಸಲ ಸಿಂಪಡಿಸಿ. ಒಂದೇ ಸಲಕ್ಕೆ ಮೊಟ್ಟೆಗಳು ಸಾಯುವುದಿಲ್ಲ. ಪಾತ್ರೆ ತೊಳೆಯುವ ಸಾಬೂನು ಬೇಡ, ಎಲೆ ಸುಟ್ಟೀತು. ಮಣ್ಣಿಗೆ ಹಾಕಿದರೆ ಗಿಡದೊಳಗೆಲ್ಲ ಹರಡುವ ವಿಷವಂತೂ ಕರಿಬೇವಿಗೆ ಬೇಡವೇ ಬೇಡ. ನಾವು ಒಗ್ಗರಣೆಗೆ ಹಾಕುವುದು ಅದೇ ಎಲೆಯನ್ನಲ್ಲವೇ?

ಇನ್ನೊಂದು ಮಾತು. ದೀಪಾವಳಿಗೆ ಸೇರಿದಾಗ ಕರಿಬೇವಿನ ಸಸಿ ಹಂಚಿಕೊಳ್ಳುವುದು ನಮ್ಮಲ್ಲಿ ಒಳ್ಳೆಯ ಪದ್ಧತಿ. ಆದರೆ ಕೊಡುವವರು ನೋಡಿ ಕೊಡಲಿ. ಪಡೆದವರು ಮೂರು ವಾರ ಬೇರೆ ಕೋಣೆಯಲ್ಲಿಡಲಿ. ಇದರಲ್ಲಿ ಸಂಕೋಚವೇಕೆ? ಫ್ಲಾರಿಡಾದ ನೆಂಟರ ಮನೆಯಿಂದ ಸಸಿ ತರುವ ಆಸೆಯನ್ನೂ ಬಿಡಿ. ಅಲ್ಲಿ 2005ರಲ್ಲಿ ಕಾಣಿಸಿಕೊಂಡು ಕಿತ್ತಳೆ ತೋಟಗಳನ್ನು ಹಾಳುಗೆಡವಿದ ರೋಗವನ್ನು ಹರಡುವ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕೇ ಸರ್ಕಾರದ ನಿರ್ಬಂಧವಿದೆ.

ಊರಿನ ಪರಿಮಳವನ್ನು ಈ ಚಳಿಯಲ್ಲಿ ಕಾಪಾಡುವುದು ಸುಲಭವಲ್ಲ. ಹಂಚುವಾಗ ಗಿಡವನ್ನಷ್ಟೇ ಹಂಚೋಣ, ಹುಳುವನ್ನಲ್ಲ.