ಬೆರಳು ಯಾರ ಕಡೆಗೆ?



ಹಣ್ಣು ತಿಂದ ಆದಾಮನು ಹವ್ವಳನ್ನು ತೋರಿಸಿದನು, ಹವ್ವಳು ಸರ್ಪವನ್ನು ತೋರಿಸಿದಳು. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಆ ಚಾಳಿ ನಮ್ಮ ನೊಯ್ಯಲ್ ದಡದಲ್ಲಿಯೂ ಉಂಟು.

ವೆಳ್ಳಿಯಂಗಿರಿ ಬೆಟ್ಟದಿಂದ ಇಳಿಯುವ ಈ ಹೊಳೆ ಸಿಂಗಾನಲ್ಲೂರಿನ ಕೆರೆಗೆ ನೀರುಣಿಸಿ, ತಿರುಪ್ಪೂರನ್ನು ದಾಟಿ ಕಾವೇರಿ ಸೇರುತ್ತದೆ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ಉಪ್ಪುನೀರು ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತು ರೈತರ ಹೊಲ ಬಾವಿಗಳು ಕೆಟ್ಟವು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು 700ಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಲು ಆಜ್ಞೆ ಮಾಡಿತು. ಮಾಲೀಕರು ಸರ್ಕಾರವನ್ನು ದೂರಿದರು. ಕೆಲಸ ಹೋದ ನಾವು ಇಬ್ಬರನ್ನೂ ದೂರಿದೆವು.

ನಮ್ಮ ಪಾಲೇನು? ಕೊಳಕು ನೀರನ್ನು ರಾತ್ರಿ ಹೊಳೆಗೆ ಬಿಡುವಾಗ ಕವಾಟ ತಿರುಗಿಸಿದ್ದು ಕೂಲಿಯವನ ಕೈ. ಕಂಡವರು ಓವರ್‌ಟೈಮ್ ತಪ್ಪೀತೆಂದು ಬಾಯಿ ಮುಚ್ಚಿದೆವು. ನಮ್ಮ ಬೇಡಿಕೆ ಪಟ್ಟಿಯಲ್ಲಿ ಬೋನಸ್ ಇತ್ತು, ಹೊಳೆ ಇರಲಿಲ್ಲ. ಇಂದಿಗೂ ಮನೆಯ ಕಸವನ್ನು ಕಾಲುವೆಗೆ ಸುರಿದು, ಸೊಳ್ಳೆ ಕಚ್ಚಿದರೆ ಕಾರ್ಪೊರೇಷನ್ನನ್ನು ಬೈಯುತ್ತೇವೆ.

ಇದರಿಂದ ಮಾಲೀಕನ ಹೊಣೆ ಕಳೆಯುವುದಿಲ್ಲ. ಲಾಭ ಉಂಡವನ ಹೊಣೆಯೇ ದೊಡ್ಡದು. ಆದರೆ ಬಲಿಪೂಜೆಯ ಮೊದಲಲ್ಲಿ ನಾವು ತಟ್ಟಿಕೊಳ್ಳುವುದು ನಮ್ಮ ಎದೆಯನ್ನು, ಪಕ್ಕದವನದನ್ನಲ್ಲ. ಪಾಪನಿವೇದನೆಗೆ ಹೋಗಿ ನೆರೆಯವನ ಪಾಪ ಹೇಳಿದರೆ ಗುರುಗಳು ಒಪ್ಪುವರೇ? ತನ್ನ ಪಾಲನ್ನು ಒಪ್ಪಿಕೊಂಡವನಿಗೇ ಮಾಲೀಕನ ಮುಂದೆ ತಲೆಯೆತ್ತಿ ನ್ಯಾಯ ಕೇಳುವ ಬಲ ಬರುತ್ತದೆ.

ಮುಂದಿನ ಸಂಘದ ಸಭೆಯಲ್ಲಿ ಕೂಲಿಯ ಮಾತಿನ ಜೊತೆಗೆ ಕಣ್ಣಾರೆ ಕಂಡದ್ದನ್ನೂ ಹೇಳೋಣ. ಹೇಳಿದವನ ಕೆಲಸಕ್ಕೆ ಕುತ್ತು ಬಂದರೆ ಎಲ್ಲರೂ ಅವನ ಬೆನ್ನಿಗೆ ನಿಲ್ಲೋಣ. ಅದೇ ನಮ್ಮ ಪ್ರಾಯಶ್ಚಿತ್ತ.